ಇಳಿತದ ಹೊತ್ತಿನಲ್ಲಿ ತೋನ್ಸೆಪಾರು

ವರ್ಷಕ್ಕೊಮ್ಮೆ, ಚಳಿಗಾಲದಲ್ಲಿ, ನಮ್ಮ ಶಾಲೆಯ ಮೇಲಿನ ತರಗತಿಯ ಹುಡುಗಿಯರನ್ನು ಮಲ್ಪೆಯ ಕಡಲಿನಾಚೆ ಇರುವ ನಡುಗಡ್ಡೆಗೆ ಒಂದು ಹಗಲಿನ ಮಟ್ಟಿಗೆ ಕರೆದುಕೊಂಡು ಹೋಗುವ ಪದ್ಧತಿಯನ್ನು ಹಳೆ ವಿದ್ಯಾರ್ಥಿನಿಯರೆಲ್ಲರೂ ಬಲ್ಲರು. ಈ ಪ್ರಯಾಣದ ವಿಷಯವಾಗಿ ಎರಡು ಪ್ರಶ್ನೆಗಳು ಪ್ರತಿ ಸಲವೂ ನನ್ನ ಮೇಜಿಗೆ ಬರುತ್ತವೆ. ಹೆಣ್ಣುಮಕ್ಕಳನ್ನು ಕಡಲಿಗೆ ಕಳುಹಿಸುವದು ಕ್ಷೇಮವೋ ಎಂಬದು ತಂದೆಯರ ಪ್ರಶ್ನೆ. ತಾವು ಓದುತ್ತಿದ್ದ ಕಾಲದಲ್ಲಿ ಮಡಿಲು ತುಂಬ ಚಿಪ್ಪು ಕವಡೆಗಳನ್ನು ತಂದು ಮನೆಯ ಕಪಾಟಿನಲ್ಲಿ ಜೋಡಿಸಿದ್ದುಂಟು, ಈಗಿನ ಮಕ್ಕಳು ಒಂದು ನೋಟುಪುಸ್ತಕವನ್ನಷ್ಟೇ ಹಿಡಿದು ಬರಿಗೈಯಲ್ಲಿ ಬರುವದೇಕೆ ಎಂಬದು ತಾಯಂದಿರ ಪ್ರಶ್ನೆ. ಎರಡೂ ನ್ಯಾಯವಾದವುಗಳೇ. ಕಡಲಿನ ಭರತ ಇಳಿತಗಳನ್ನು ಬಲ್ಲವರಿಗೆ ಎರಡಕ್ಕೂ ಉತ್ತರವು ಒಂದೇ ಕಡೆಯಲ್ಲಿ ದೊರೆಯುವದರಿಂದ, ಅದನ್ನು ಈ ಸ್ಮರಣ ಸಂಚಿಕೆಯಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತೇನೆ.

ಊರನ್ನು ಬಿಟ್ಟು ದೂರ ನೆಲಸಿರುವ ಓದುಗರಿಗಾಗಿ ಸ್ಥಳದ ಪರಿಚಯವನ್ನು ಮೊದಲು ಹೇಳಬೇಕು. ಉಡುಪಿಯ ಪಡುವಲಲ್ಲಿರುವ ಮಲ್ಪೆಯ ಬಂದರಿನಿಂದ ಸುಮಾರು ಆರು ಕಿಲೋಮೀಟರು ಕಡಲೊಳಗೆ ಸಣ್ಣ ಸಣ್ಣ ದ್ವೀಪಗಳ ಸಾಲೊಂದು ಉಂಟು. ಹೊರಗಿನವರು ಇವನ್ನು ಸಂತ ಮೇರಿಯ ದ್ವೀಪಗಳೆಂದು ಕರೆಯುವರು. ನಮ್ಮವರಲ್ಲಿ ತೋನ್ಸೆಪಾರು ಎಂಬ ಹೆಸರೂ ಇದೆ. ೧೪೯೮ರಲ್ಲಿ ವಾಸ್ಕೋ ಡ ಗಾಮನು ಕಲ್ಲಿಕೋಟೆಯಿಂದ ಹಿಂದಿರುಗುವಾಗ ಇಲ್ಲಿ ಇಳಿದು, ಮಾತೆ ಮರಿಯಳ ಹೆಸರಿನಲ್ಲಿ ಶಿಲುಬೆಯುಳ್ಳ ಕಂಬವನ್ನು ನಿಲ್ಲಿಸಿದನೆಂದು ಹೇಳುತ್ತಾರೆ. ದೋಣಿಗಳು ಮುಟ್ಟುವದು ತೆಂಗಿನ ಮರಗಳಿರುವ ಒಂದು ದ್ವೀಪಕ್ಕೆ. ಅದರ ಉದ್ದ ಅರ್ಧ ಕಿಲೋಮೀಟರು, ಅಗಲ ಅದಕ್ಕಿಂತ ಬಹಳ ಕಡಿಮೆ. ಇಡೀ ದ್ವೀಪವನ್ನು ಒಂದು ತಾಸಿನೊಳಗೆ ಸುತ್ತಿ ಬರಬಹುದು. ಸುತ್ತಿ ಬಂದು, ನೋಡಬೇಕಾದದ್ದನ್ನೆಲ್ಲ ನೋಡಿಯಾಯಿತೆಂದು ದೋಣಿಯನ್ನು ಕಾಯುತ್ತ ಕೂತುಕೊಳ್ಳುವವರೇ ಹೆಚ್ಚು.

ಅವರು ನೋಡುವದು ಕಲ್ಲುಗಳನ್ನು. ಅವೂ ಸಾಮಾನ್ಯವಾದವುಗಳಲ್ಲ. ಯಾರೋ ಶಿಲ್ಪಿಯು ಕಡೆದು ನಿಲ್ಲಿಸಿದನೋ ಎಂಬಂತೆ ಐದು, ಆರು, ಏಳು ಮುಖಗಳುಳ್ಳ ಕಲ್ಲುಕಂಬಗಳು ಒತ್ತೊತ್ತಾಗಿ ನಿಂತಿವೆ. ಸುಮಾರು ಎಂಟು ಒಂಬತ್ತು ಕೋಟಿ ವರ್ಷಗಳ ಹಿಂದೆ ಮಡಗಾಸ್ಕರವು ಭಾರತದಿಂದ ಬೇರ್ಪಟ್ಟ ಕಾಲದಲ್ಲಿ ಭೂಮಿಯ ಒಡಲಿನಿಂದ ಉಕ್ಕಿದ ಶಿಲಾರಸವು ಇಲ್ಲಿ ಹರಿದು ಆರಿತು. ಬೇಸಿಗೆಯಲ್ಲಿ ಕೆರೆಯ ತಳದ ಕೆಸರು ಒಣಗಿ ಕುಗ್ಗುವಾಗ ಬಿರಿದು ಬಿಲ್ಲೆಗಳಾಗುವದನ್ನು ನಾವೆಲ್ಲರೂ ಕಂಡಿದ್ದೇವೆ. ಹಾಗೆಯೇ ಈ ರಸವು ಆರುತ್ತ ಕುಗ್ಗುವಾಗ ಬಿರುಕುಗಳು ಮೇಲಿನಿಂದ ಕೆಳಗೆ ಇಳಿದು ಕಂಬಗಳಾದವು. ಭಾರತೀಯ ಭೂವೈಜ್ಞಾನಿಕ ಸಮೀಕ್ಷೆಯವರು ಇದನ್ನು ರಾಷ್ಟ್ರೀಯ ಸ್ಮಾರಕಗಳ ಪಟ್ಟಿಯಲ್ಲಿ ಸೇರಿಸಿದ್ದಾರೆ. ಆದರೆ ನಮ್ಮ ಹುಡುಗಿಯರು ಹೋಗುವದು ಕಲ್ಲಿಗಾಗಿ ಅಲ್ಲ, ಆ ಕಲ್ಲಿನ ಬಿರುಕುಗಳಲ್ಲಿ ಸಂಸಾರ ಹೂಡಿರುವ ಜೀವಿಗಳಿಗಾಗಿ. ಅವು ಎಲ್ಲ ಹೊತ್ತಿನಲ್ಲಿಯೂ ಕಾಣಸಿಗುವವುಗಳಲ್ಲ.

ಕಡಲು ಒಂದು ಹಗಲು ರಾತ್ರಿಯಲ್ಲಿ ಎರಡು ಸಾರಿ ಏರಿ ಎರಡು ಸಾರಿ ಇಳಿಯುವದು ಎಲ್ಲರಿಗೂ ತಿಳಿದದ್ದೇ. ಏರುವದಕ್ಕೂ ಇಳಿಯುವದಕ್ಕೂ ನಡುವೆ ಆರು ತಾಸಿಗಿಂತ ತುಸು ಹೆಚ್ಚು ಹೊತ್ತು ಹಿಡಿಯುತ್ತದೆ. ಚಂದ್ರನು ದಿನದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗಿ ಮೂಡುವದರಿಂದ ಭರತವೂ ಇಳಿತವೂ ಅಷ್ಟೇ ತಡವಾಗುತ್ತವೆ. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಸೂರ್ಯ ಚಂದ್ರರ ಸೆಳೆತವು ಒಂದಾಗುವದರಿಂದ ನೀರು ಬಹಳ ಏರಿ ಬಹಳ ಇಳಿಯುವದು. ಅಷ್ಟಮಿಯ ಸುಮಾರಿಗೆ ಆ ಸೆಳೆತಗಳು ಒಂದಕ್ಕೊಂದು ಅಡ್ಡವಾಗಿ ಏರಿಳಿತ ಕಡಿಮೆಯಾಗುವದು. ಗುಜರಾತಿನ ಖಂಭಾತ ಕೊಲ್ಲಿಯಲ್ಲಿ ಈ ಅಂತರ ಹತ್ತು ಮೀಟರಿನಷ್ಟಾಗುವದುಂಟು. ನಮ್ಮ ಕಡೆಯಲ್ಲಿ ಒಂದು, ಒಂದೂವರೆ ಮೀಟರು, ಅಷ್ಟೇ. ಒಂದೂವರೆ ಮೀಟರೆಂದರೆ ಒಬ್ಬ ಹುಡುಗಿಯ ಎತ್ತರ. ಒಂದು ಹುಡುಗಿಯ ಎತ್ತರದ ನೀರಿನೊಳಗೆ ಎಷ್ಟೊಂದು ಜೀವರಾಶಿ ಅಡಗಿಕೊಳ್ಳಬಲ್ಲದೆಂಬದನ್ನು ಅದು ಸರಿದಾಗಲೇ ತಿಳಿಯಬೇಕು.

ಮಕ್ಕಳನ್ನು ಕರೆದೊಯ್ಯುವ ಮೊದಲು ನಾನು ಪ್ರತಿ ಸಲವೂ ಒಂದು ದಿನ ಗೆಳತಿಯರೊಡನೆ ಹೋಗಿ ನೋಡಿಕೊಂಡು ಬರುತ್ತೇನೆ. ಹಿಂದಿನ ಸಲ ನನ್ನೊಡನೆ ಬಂದವರು ತರಬೇತಿ ಶಾಲೆಯಲ್ಲಿ ಜೊತೆಗೆ ಕಲಿತ ಮೂವರು. ಒಬ್ಬಾಕೆ ಸಸ್ಯಶಾಸ್ತ್ರ ಕಲಿಸುವವಳು, ಇನ್ನೊಬ್ಬಾಕೆ ಸಂಗೀತದವಳು, ಮೂರನೆಯವಳು ಮಲ್ಪೆಯಲ್ಲಿಯೇ ಹುಟ್ಟಿ ಬೆಳೆದವಳು. ದಿನವನ್ನು ಗೊತ್ತುಮಾಡಿದವಳು ಈ ಮೂರನೆಯವಳೇ. ಹುಣ್ಣಿಮೆಯಂದು ಹೋದರೆ ನೀರು ಚೆನ್ನಾಗಿ ಇಳಿಯುವದು ನಿಜ. ಆದರೆ ನಮ್ಮ ಕರಾವಳಿಯಲ್ಲಿ ಆ ದಿನ ಇಳಿತವು ನಸುಕಿನಲ್ಲಿಯೂ ಸಂಜೆಯಲ್ಲಿಯೂ ಬಂದು, ಮಧ್ಯಾಹ್ನಕ್ಕೆ ಸಮೀಪವಾಗಿ ಭರತವೇ ಇರುವದು. ನಸುಕಿನಲ್ಲಿ ದೋಣಿಯಿಲ್ಲ, ಸಂಜೆಗೆ ದ್ವೀಪದಲ್ಲಿ ನಿಲ್ಲಲಾಗದು. ಹುಣ್ಣಿಮೆ ಕಳೆದು ನಾಲ್ಕು ಐದು ದಿನಗಳಾದರೆ ದಿನಕ್ಕೆ ಐವತ್ತು ನಿಮಿಷದಂತೆ ಸರಿದು ಸರಿದು ಇಳಿತವು ಬೆಳಗಿನ ದೋಣಿಯ ಹೊತ್ತಿಗೆ ಬಂದು ಕೂಡುವದು. ನೀರು ಹುಣ್ಣಿಮೆಯಷ್ಟು ಇಳಿಯದಿದ್ದರೂ ನೋಡುವದಕ್ಕೆ ಸಾಕು. ನಾವು ಪಂಚಮಿಯನ್ನು ಆರಿಸಿಕೊಂಡು, ಭಾರತೀಯ ಸರ್ವೇಕ್ಷಣೆಯವರ ಭರತ ಇಳಿತದ ಪಟ್ಟಿಯೊಡನೆ ತಾಳೆ ನೋಡಿದೆವು. ದೋಣಿಯ ಮುದುಕನು ನಮ್ಮ ಲೆಕ್ಕವನ್ನು ಕೇಳಿ, "ಅಮ್ಮಾ, ಮದುವೆಗೆ ಪಂಚಾಂಗ ನೋಡುವವರನ್ನು ಕಂಡಿದ್ದೇನೆ, ಏಡಿ ನೋಡಲಿಕ್ಕೆ ತಿಥಿ ನೋಡಿ ಬಂದ ಟೀಚರಮ್ಮನವರನ್ನು ಇವತ್ತೇ ಕಂಡದ್ದು" ಎಂದನು. ಮಿಶನ್ ಶಾಲೆಯಲ್ಲಿ ಪಂಚಾಂಗವೇ ಎಂದು ಯಾರೂ ಗಾಬರಿಯಾಗಬೇಡಿರಿ. ಅದರಲ್ಲಿ ನಾವು ಹುಡುಕುವದು ಚಂದ್ರನನ್ನು, ಶುಭ ಘಳಿಗೆಯನ್ನಲ್ಲ.

ನಾವು ಇಳಿದಾಗ ಒಂಬತ್ತು ಗಂಟೆ ದಾಟಿತ್ತು. ನೀರು ತಳ ಹಿಡಿದು ನಿಂತ ಹಾಗಿತ್ತು. ಇಂಥ ಹೊತ್ತಿನಲ್ಲಿ ಕಂಬಗಳ ಪಕ್ಕದಲ್ಲಿ ನಿಂತು ಮೇಲಿನಿಂದ ಕೆಳಗೆ ಕಣ್ಣು ಹಾಯಿಸಿದರೆ ಬಂಡೆಯು ಅಂತಸ್ತುಗಳುಳ್ಳ ಒಂದು ಮನೆಯಂತೆ ತೋರುವದು. ಎಲ್ಲಕ್ಕೂ ಮೇಲೆ, ಅಲೆಯ ಹನಿ ಮಾತ್ರ ಬಿದ್ದು ಒಣಗುವ ಎಡೆಯಲ್ಲಿ, ಮೆಣಸಿನ ಕಾಳಿನಷ್ಟು ಸಣ್ಣ ಬಸವನ ಹುಳುಗಳು ಬಿರುಕಿನ ನೆರಳಿನಲ್ಲಿ ಒತ್ತಿಕೊಂಡಿರುತ್ತವೆ. ಬಿಸಿಲಿನಲ್ಲಿ ಮೈಯ ತೇವ ಆರದಂತೆ ಬಾಗಿಲನ್ನು ಬಿಗಿಯಾಗಿ ಮುಚ್ಚಿಕೊಂಡು ತಾಸುಗಟ್ಟಲೆ ಕಾಯಬಲ್ಲವು. ಅದರ ಕೆಳಗೆ, ಬಂಡೆಗೆ ಗಾರೆ ಮೆತ್ತಿದ ಹಾಗೆ ಬಿಳಿಯ ಚೂಪು ಗುಬ್ಬಿಗಳ ಹಾಸು ಇರುವದು. ಇವನ್ನು ಹುಡುಗಿಯರು ಕಲ್ಲೆಂದೇ ತಿಳಿಯುತ್ತಾರೆ. ನಿಜವಾಗಿ ಇವು ಏಡಿ ಸಿಗಡಿಗಳ ಬಳಗಕ್ಕೆ ಸೇರಿದ ಪ್ರಾಣಿಗಳು. ಮರಿಯಾಗಿದ್ದಾಗ ನೀರಿನಲ್ಲಿ ತೇಲಾಡುತ್ತಿದ್ದು, ಸ್ಥಳವೊಂದನ್ನು ಆರಿಸಿಕೊಂಡು ತಲೆಯನ್ನು ಬಂಡೆಗೆ ಅಂಟಿಸಿ, ಸುತ್ತಲೂ ಸುಣ್ಣದ ಕೋಟೆ ಕಟ್ಟಿಕೊಂಡು, ಜೀವಮಾನವೆಲ್ಲ ತಲೆಕೆಳಗಾಗಿ ನಿಂತು, ನೀರು ಬಂದಾಗ ಬಾಗಿಲು ತೆರೆದು ಗರಿಯಂಥ ಕಾಲುಗಳಿಂದ ಆಹಾರವನ್ನು ಬಾಚಿಕೊಳ್ಳುತ್ತವೆ. ಸಂಗೀತದ ಗೆಳತಿಯು ಒಂದು ಕುಣಿಯ ನೀರಿನಲ್ಲಿ ಈ ಕಾಲುಗಳು ತಾಳ ಹಾಕಿದಂತೆ ಹೊರಗೆ ಬಂದು ಒಳಗೆ ಹೋಗುವದನ್ನು ಕಾಲು ಗಂಟೆ ನೋಡುತ್ತ ಕುಳಿತಳು.

ಇನ್ನೂ ಕೆಳಗೆ ಮುರುಗಳು, ಪಚ್ಚಿಲೆಗಳು, ಪುಟ್ಟ ಟೊಪ್ಪಿಗೆಯಂತೆ ಬಂಡೆಗೆ ಕವುಚಿಕೊಂಡ ಚಿಪ್ಪಿನ ಹುಳುಗಳು. ಈ ಟೊಪ್ಪಿಗೆಯ ಹುಳುಗಳ ಕೆಲವು ಜಾತಿಗಳದು ವಿಚಿತ್ರವಾದ ನಡತೆ: ನೀರು ಏರಿದಾಗ ಪಾಚಿಯನ್ನು ಮೇಯುವದಕ್ಕೆ ಹೊರಟು, ಇಳಿಯುವಷ್ಟರಲ್ಲಿ ತಾನು ಹೊರಟ ಅದೇ ಎಡೆಗೆ ಮರಳುತ್ತವೆ. ಚಿಪ್ಪಿನ ಅಂಚೂ ಬಂಡೆಯ ಮೇಲಿನ ಗುರುತೂ ಮುಚ್ಚಳವೂ ಭರಣಿಯೂ ಇದ್ದ ಹಾಗೆ ಸರಿಯಾಗಿ ಕೂಡಿ, ಒಳಗಿನ ತೇವವು ಆರದಂತೆ ಉಳಿಯುವದು. ಯಾರಾದರೂ ಕುತೂಹಲದಿಂದ ಒಂದನ್ನು ಕಿತ್ತು ನಾಲ್ಕು ಮಾರು ಆಚೆಗೆ ಇಟ್ಟರೆ, ಆ ಬಂಡೆಗೆ ಅದರ ಅಂಚು ಹೊಂದದೆ ಬಿಸಿಲಿಗೆ ಒಣಗಿಹೋಗಬಹುದು.

ಎಲ್ಲಕ್ಕಿಂತ ಕೆಳಗೆ, ಕಂಬಗಳು ಮುರಿದು ಬಿದ್ದ ಕಡೆಗಳಲ್ಲಿ, ನೀರು ನಿಂತ ಕುಣಿಗಳಿವೆ. ಹುಡುಗಿಯರ ನೋಟುಪುಸ್ತಕಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪುಟಗಳು ಇವಕ್ಕೇ ಮೀಸಲಾಗುತ್ತವೆ. ನೀರಿನಲ್ಲಿ ಅರಳಿದ ಹೂವೆಂದು ತೋರುವದು ಪ್ರಾಣಿ. ಎಸಳುಗಳೆಂದು ತೋರುವವು ಅದರ ಬಾಯಿಯ ಸುತ್ತಲಿನ ಬೆರಳುಗಳು. ಪ್ರತಿಯೊಂದು ಬೆರಳಿನಲ್ಲಿಯೂ ಕಣ್ಣಿಗೆ ಕಾಣದಷ್ಟು ಸಣ್ಣ ವಿಷದ ಮುಳ್ಳುಗಳಿದ್ದು, ಸೋಂಕಿದ ಮೀನಿನ ಮರಿಯನ್ನು ಮರವೆಗೆ ಕೆಡಹಿ ನುಂಗುವದು. ನೆರಳು ಬಿದ್ದರೆ ಮುದುಡಿ ಬರಿಯ ಲೋಳೆಯ ಗುಂಡಿಯಾಗುವದು. ಆದಕಾರಣ ಕುಣಿಯನ್ನು ನೋಡುವವರು ಸೂರ್ಯನಿಗೆ ಬೆನ್ನು ಕೊಡದೆ ಎದುರಾಗಿ ಕುಳಿತು, ಐದು ನಿಮಿಷ ಅಲುಗದೆ ಇರಬೇಕು. ನಮ್ಮ ಹುಡುಗಿಯರಿಗೆ ಮಾತಿಲ್ಲದೆ ಐದು ನಿಮಿಷ ಕುಳಿತಿರುವದು ಎಷ್ಟು ಕಷ್ಟವೆಂಬದನ್ನು ಪೋಷಕರು ಬಲ್ಲರು. ಆದರೂ ಇಲ್ಲಿ ಕುಳಿತಿರುತ್ತಾರೆ. ಮೊದಲು ಬರಿ ನೀರು, ಬರಿ ಕಲ್ಲು. ಆಮೇಲೆ ಕಲ್ಲಿನ ಬಣ್ಣದ ಮೀನೊಂದು ಜಿಗಿಯುವದು. ಆಮೇಲೆ ಒಂದು ಚಿಪ್ಪಿಗೆ ಕಾಲು ಮೂಡಿ ನಡೆಯಲಾರಂಭಿಸುವದು.

ಈ ನಡೆಯುವ ಚಿಪ್ಪಿನಲ್ಲಿ ತಾಯಂದಿರ ಪ್ರಶ್ನೆಗೆ ಉತ್ತರವಿದೆ. ಇದು ಸನ್ಯಾಸಿ ಏಡಿ. ಉಳಿದ ಏಡಿಗಳಿಗೆ ಮೈಯೆಲ್ಲ ಕವಚವಿದ್ದರೆ ಇದರ ಹಿಂಭಾಗವು ಮೆತ್ತಗೆ, ಒಂದು ಕಡೆಗೆ ಸುರುಳಿಯಾಗಿ, ಯಾವ ಮೀನೂ ಕಚ್ಚಬಹುದಾದಂತೆ ಇರುವದು. ಸ್ವಂತ ಮನೆ ಕಟ್ಟುವ ಶಕ್ತಿ ಇದಕ್ಕಿಲ್ಲ. ಸತ್ತ ಶಂಖದ ಹುಳು ಬಿಟ್ಟುಹೋದ ಚಿಪ್ಪಿನಲ್ಲಿ ಆ ಸುರುಳಿಯನ್ನು ತೂರಿಸಿಕೊಂಡು ಬಾಳುವದು. ಬೆಳೆದಂತೆ ಮನೆ ಸಾಲದಾಗುವದು. ಆಗ ದೊಡ್ಡ ಚಿಪ್ಪನ್ನು ಹುಡುಕಿ, ಬಾಯಿಯನ್ನು ಕೊಂಡಿಯಿಂದ ಅಳೆದು, ಒಳಗೆ ಕೈಯಾಡಿಸಿ, ಒಪ್ಪಿಗೆಯಾದರೆ ಕ್ಷಣಾರ್ಧದಲ್ಲಿ ಹಳೆಯದರಿಂದ ಹೊಸದಕ್ಕೆ ಜಾರುವದು. ಕೆಲವು ಜಾತಿಗಳಲ್ಲಿ ಒಂದು ದೊಡ್ಡ ಚಿಪ್ಪು ಬರಿದಾಗಿ ಸಿಕ್ಕಿದರೆ ಹಲವು ಏಡಿಗಳು ದೊಡ್ಡದರಿಂದ ಸಣ್ಣದಕ್ಕೆ ಸಾಲುಗಟ್ಟಿ ನಿಂತು, ಮೊದಲನೆಯದು ಹೊಸ ಮನೆಗೆ ಹೋಗುತ್ತಲೇ ಎರಡನೆಯದು ಮೊದಲನೆಯದರ ಮನೆಗೆ, ಮೂರನೆಯದು ಎರಡನೆಯದರ ಮನೆಗೆ ಹೀಗೆ ಎಲ್ಲವೂ ಒಮ್ಮೆಗೇ ಬದಲಾಯಿಸಿಕೊಳ್ಳುವದನ್ನು ಶಾಸ್ತ್ರಜ್ಞರು ಕಂಡು ಬರೆದಿದ್ದಾರೆ. ಅಕ್ಕನ ಲಂಗ ತಂಗಿಗೆ ಬರುವ ನಮ್ಮ ಮನೆಗಳ ರೀತಿಯೇ ಇದು. ಆ ಸಾಲಿನ ಮೊದಲ ಚಿಪ್ಪನ್ನು ಯಾರೋ ಚಂದವಾಗಿದೆಯೆಂದು ಸೆರಗಿನಲ್ಲಿ ಕಟ್ಟಿಕೊಂಡು ಹೋದರೆ ನಷ್ಟವು ಒಂದು ಏಡಿಗೆ ಮಾತ್ರ ಅಲ್ಲ. ಸಾಲಿನ ಕಡೆಯ ಮರಿಯವರೆಗೂ ಎಲ್ಲವೂ ಬಿಗಿಯಾದ ಮನೆಯಲ್ಲಿ ಉಳಿಯಬೇಕಾಗುವದು.

ಒಬ್ಬ ಪೋಷಕರು ಇದಕ್ಕೆ ಬರೆದ ಆಕ್ಷೇಪವು ವಿಚಾರಯೋಗ್ಯವಾದದ್ದು. ನಮ್ಮ ಹಿರಿಯರು ಅಳಿವೆಯ ಚಿಪ್ಪುಗಳನ್ನು ಹೇರಿಗಟ್ಟಲೆ ತೆಗೆದು ಸುಟ್ಟು ಸುಣ್ಣ ಮಾಡಿ ಮನೆಗೆ ಬಳಿದರು, ಕಡಲು ಬರಿದಾಗಲಿಲ್ಲ, ಒಂದು ಹುಡುಗಿಯ ಬುಟ್ಟಿಯಿಂದ ಏನಾದೀತು ಎಂದು ಅವರು ಕೇಳಿದರು. ಅಳಿವೆಯು ಅಗಲವಾದದ್ದು, ಅಲ್ಲಿ ಚಿಪ್ಪು ರಾಶಿರಾಶಿಯಾಗಿ ಬೀಳುವದು. ಈ ದ್ವೀಪವೋ ಅರ್ಧ ಕಿಲೋಮೀಟರಿನದು, ರಜೆಯ ದಿನಗಳಲ್ಲಿ ದೋಣಿಯ ಹಿಂದೆ ದೋಣಿ ಬರುತ್ತಲೇ ಇರುವದು, ಪ್ರತಿ ದೋಣಿಯಲ್ಲಿಯೂ ಬುಟ್ಟಿಗಳಿರುವವು. ಅಲ್ಲದೆ ಜೀವವುಳ್ಳ ಚಿಪ್ಪಿಗೂ ಬರಿದಾದ ಚಿಪ್ಪಿಗೂ ವ್ಯತ್ಯಾಸವನ್ನು ಮಕ್ಕಳು ತಿಳಿಯರು. ಮನೆಗೆ ತಂದ ಮೇಲೆ ಎರಡನೆಯ ದಿನ ನಾರತೊಡಗಿದಾಗಲೇ ಒಳಗೆ ಜೀವವಿತ್ತೆಂದು ಗೊತ್ತಾಗುವದು. ಸರಕಾರವೂ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪಟ್ಟಿಗಳಲ್ಲಿ ೨೦೦೧ರಿಂದ ಹವಳ, ಕಡಲಕುದುರೆ, ಕಡಲಸೌತೆ ಹಾಗೂ ಕೆಲವು ಜಾತಿಯ ಶಂಖಗಳನ್ನು ಸೇರಿಸಿದೆ. ಶಾಲೆಯ ಕಪಾಟಿನಲ್ಲಿರುವ ಹಳೆಯ ಸಂಗ್ರಹವು ಪಾಠಕ್ಕೆ ಸಾಕಾಗುತ್ತದೆ.

ಕೀಳದೆ ಇರುವದಕ್ಕೆ ಮತ್ತೊಂದು ಕಾರಣವು ತಂದೆಯರ ಪ್ರಶ್ನೆಯನ್ನೂ ಸೇರುವದು. ನಮ್ಮ ದೇಶದ ಕಡಲುಗಳಲ್ಲಿ ಬುಗುರಿಯಂತೆ ಒಂದು ತುದಿಗೆ ಕಿರಿದಾದ, ಮೇಲೆ ಚಿತ್ತಾರವುಳ್ಳ ಬಹಳ ಚೆಲುವಾದ ಒಂದು ಬಗೆಯ ಚಿಪ್ಪು ಉಂಟು. ಒಳಗಿನ ಹುಳುವು ಈಟಿಯಂಥ ಹಲ್ಲನ್ನು ಚುಚ್ಚಿ ಮೀನನ್ನೋ ಹುಳುವನ್ನೋ ಕೊಲ್ಲುವಂಥದು. ಅದರ ದೊಡ್ಡ ಜಾತಿಗಳ ವಿಷದಿಂದ ಮನುಷ್ಯರು ಸತ್ತದ್ದುಂಟು. ಚಂದ ಕಂಡದ್ದನ್ನೆಲ್ಲ ಮುಷ್ಟಿಯಲ್ಲಿ ಹಿಡಿಯುವ ಅಭ್ಯಾಸವಿಲ್ಲದ ಹುಡುಗಿಗೆ ಈ ಭಯವಿಲ್ಲ.

ಆದರೆ ಕಡಲಿನಲ್ಲಿ ಪ್ರಾಣ ಕಳೆಯುವದು ವಿಷಜಂತುಗಳಿಂದ ಬಹು ಅಪರೂಪ, ನೀರಿನಿಂದಲೇ ಹೆಚ್ಚು. ಇದನ್ನು ಮರೆಮಾಚಿ ಬರೆಯುವದರಲ್ಲಿ ಪ್ರಯೋಜನವಿಲ್ಲ. ೨೦೨೨ರ ಏಪ್ರಿಲ್ ತಿಂಗಳಲ್ಲಿ ಪ್ರವಾಸಕ್ಕೆ ಬಂದ ಕಾಲೇಜು ವಿದ್ಯಾರ್ಥಿಗಳು ಈ ದ್ವೀಪದಲ್ಲಿಯೇ ನೀರುಪಾಲಾದರು. ಬಂಡೆಯ ಕೆಳ ಅಂತಸ್ತುಗಳಲ್ಲಿ ಪಾಚಿಯು ಬೆಣ್ಣೆಯಂತೆ ಜಾರುವದು. ಮುರುವಿನ ಅಂಚು ಕತ್ತಿಯಂತೆ ಕೊಯ್ಯುವದು. ಹತ್ತು ಅಲೆಗಳು ಸಣ್ಣವಾಗಿ ಬಂದು ಹನ್ನೊಂದನೆಯದು ದೊಡ್ಡದಾಗಿ ಬರಬಹುದು. ಮರಳ ದಂಡೆಯಲ್ಲಿಯೂ ಅಲೆಗಳು ತಂದು ಒಟ್ಟಿದ ನೀರು ಇಕ್ಕಟ್ಟಾದ ಒಂದು ಹಾದಿಯಿಂದ ರಭಸವಾಗಿ ಹಿಂದಕ್ಕೆ ಹರಿಯುವ ಎಡೆಗಳಿರುತ್ತವೆ. ಅಲ್ಲಿ ನೊರೆ ಏಳುವದಿಲ್ಲವಾದಕಾರಣ ನೀರು ಶಾಂತವಾಗಿ ತೋರಿ, ಈಜು ಬಾರದವರು ಅಲ್ಲಿಗೇ ಇಳಿಯುತ್ತಾರೆ. ಆ ಸೆಳೆತಕ್ಕೆ ಸಿಕ್ಕಿದವರು ದಡದ ಕಡೆಗೆ ನೇರವಾಗಿ ಹೋರಾಡಿದರೆ ಸೋತುಹೋಗುವರು; ದಂಡೆಗೆ ಸಮನಾಗಿ ಪಕ್ಕಕ್ಕೆ ಈಜಿ ಸೆಳೆತವನ್ನು ದಾಟಿದ ಮೇಲೆ ತಿರುಗಬೇಕು.

ಆದದರಿಂದ ನಮ್ಮಲ್ಲಿ ನಿಯಮಗಳು ಕಡಿಮೆ, ಆದರೆ ಸಡಿಲವಿಲ್ಲ. ಹಿಮ್ಮಡಿ ಕಟ್ಟಿದ ರಬ್ಬರು ತಳದ ಪಾದರಕ್ಷೆ ಇಲ್ಲದವರು ದೋಣಿ ಹತ್ತುವಂತಿಲ್ಲ. ಕಡಲಿಗೆ ಬೆನ್ನು ಹಾಕಿ ನಿಲ್ಲುವಂತಿಲ್ಲ, ಭಾವಚಿತ್ರ ತೆಗೆಸಿಕೊಳ್ಳುವದಕ್ಕಾಗಿಯೂ ಸಹ. ಕಣಕಾಲಿಗಿಂತ ಮೇಲಿನ ನೀರಿಗೆ ಇಳಿಯುವಂತಿಲ್ಲ. ನೀರು ತಿರುಗಿದ ಮೇಲೆ, ಅಂದರೆ ಒಣಗಿದ್ದ ಗುರುತಿನ ಕಲ್ಲೊಂದು ಮತ್ತೆ ಒದ್ದೆಯಾದೊಡನೆ, ಎಲ್ಲರೂ ಕೆಳ ಬಂಡೆಗಳನ್ನು ಬಿಟ್ಟು ಮೇಲೆ ತೆಂಗಿನ ನೆರಳಿಗೆ ಬರಬೇಕು. ಗುರುತಿನ ಕಲ್ಲನ್ನು ಕಾಯುವ ಕೆಲಸವನ್ನು ತರಗತಿಯಲ್ಲಿ ಅತಿ ಚಂಚಲಳಾದ ಹುಡುಗಿಗೆ ಕೊಡುತ್ತೇವೆ. ಅವಳಷ್ಟು ನಿಷ್ಠೆಯಿಂದ ಬೇರೆ ಯಾರೂ ಕಾಯಲಾರರು. ಮಳೆಗಾಲದ ತಿಂಗಳುಗಳಲ್ಲಿ ದೋಣಿಯೇ ಇಲ್ಲವಷ್ಟೆ. ಏಡಿಯನ್ನು ಕಾಣಬೇಕಾದರೆ ಯಾವ ಹೊತ್ತಿಗೆ ಹೋಗಬೇಕೋ, ಬಂಡೆಯ ಮೇಲೆ ಕಾಲಿಡುವದಕ್ಕೂ ಅದೇ ಹೊತ್ತು ಒಳ್ಳೆಯದು. ಭರತದ ಹೊತ್ತಿಗೆ ಬರುವವರಿಗೆ ಜೀವಿಗಳೂ ಕಾಣವು, ಜಾರುವ ಕಲ್ಲೂ ಕಾಣದು.

ಊಟದ ನಂತರದ ಹೊತ್ತು ಹಕ್ಕಿಗಳದು. ಕೆಂಗಂದು ಮೈಗೆ ಬಿಳಿಯ ತಲೆಯುಳ್ಳ ಗರುಡನನ್ನು ಮಕ್ಕಳೆಲ್ಲ ಬಲ್ಲರು. ಅದಕ್ಕಿಂತ ದೊಡ್ಡದಾಗಿ, ಬೂದು ಬೆನ್ನು ಬಿಳಿ ಹೊಟ್ಟೆಯ ಕಡಲ ಹದ್ದು ಕಂಡರೆ ಅದು ಆ ದಿನದ ಭಾಗ್ಯ. ಚಳಿಗಾಲದಲ್ಲಿ ಬಂದರಿನ ಮೇಲೆ ಬಿಳಿಯ ಮೋಡದಂತೆ ಏಳುವ ಕಡಲಹಕ್ಕಿಗಳು ನಮ್ಮೂರಿನವುಗಳಲ್ಲ. ಅವುಗಳಲ್ಲಿ ಕಂದುತಲೆಯ ಜಾತಿಯು ಲಡಾಖ್, ಟಿಬೆಟ್ ಮೊದಲಾದ ಎತ್ತರದ ಸೀಮೆಗಳ ಸರೋವರಗಳ ಬಳಿಯಲ್ಲಿ ಮರಿಮಾಡಿ, ಅಲ್ಲಿ ನೀರು ಹೆಪ್ಪುಗಟ್ಟುವ ಕಾಲಕ್ಕೆ ಮಲ್ಪೆಯ ಮೀನಿಗೆ ಬರುತ್ತದೆ. ಇಲ್ಲಿರುವಾಗ ಅದರ ತಲೆಯು ಕಂದಾಗಿರದೆ ಬಿಳುಪಾಗಿರುವದರಿಂದ ಹುಡುಗಿಯರು ಹೆಸರಿನ ವಿಷಯದಲ್ಲಿ ನನ್ನೊಡನೆ ವಾದಕ್ಕೆ ನಿಲ್ಲುತ್ತಾರೆ. ಕರಾವಳಿಯ ಸಮೀಪದ ನೀರಿನಲ್ಲಿ ಗೂನುಬೆನ್ನಿನ ಡಾಲ್ಫಿನ್‌ಗಳೂ ಉಂಟು. ಗೆಳತಿಯರೊಡನೆ ಹಿಂದಿರುಗಿದ ದಿನ ನಾವು ದೋಣಿಯ ಅಂಚಿಗೆ ಕಣ್ಣು ನೆಟ್ಟು ಕುಳಿತೆವು, ಒಂದೂ ಕಾಣಿಸಲಿಲ್ಲ. ಮಲ್ಪೆಯ ಗೆಳತಿಯು, ಅವು ಪಂಚಾಂಗ ನೋಡುವದಿಲ್ಲವೆಂದಳು.

ದಂಡೆಗೆ ಬಂದ ಮೇಲೆ ಇನ್ನೊಂದು ನೋಟವನ್ನು ಬಿಡಬಾರದು. ತೇವವಾದ ಮರಳಿನ ಮೇಲೆ ರಂಗೋಲಿಯ ಚುಕ್ಕಿಗಳಂತೆ ಸಣ್ಣ ಸಣ್ಣ ಮರಳಿನ ಗುಂಡುಗಳು ಬಿಲದ ಸುತ್ತ ಹರಡಿರುತ್ತವೆ. ಬಟಾಣಿಯಷ್ಟು ದೊಡ್ಡ ಏಡಿಯೊಂದು ಮರಳನ್ನು ಬಾಯಿಗೆ ಹಾಕಿ, ಅದರಲ್ಲಿನ ಆಹಾರವನ್ನು ತೆಗೆದುಕೊಂಡು, ಉಳಿದದ್ದನ್ನು ಗುಂಡಾಗಿಸಿ ಹಿಂದಕ್ಕೆ ಎಸೆದ ಗುರುತು ಅದು. ಮುಂದಿನ ಭರತ ಬಂದು ಎಲ್ಲವನ್ನೂ ಅಳಿಸುವದು. ಕುಂದಾಪುರದಿಂದ ಕಾರವಾರದವರೆಗಿನ ಇಂಥ ದಂಡೆಗಳಲ್ಲಿಯೇ ಚಳಿಗಾಲದ ರಾತ್ರಿಗಳಲ್ಲಿ ಆಲಿವ್ ರಿಡ್ಲಿ ಎಂಬ ಕಡಲಾಮೆಗಳು ಬಂದು, ಒಂದೊಂದು ನೂರರಷ್ಟು ಮೊಟ್ಟೆಗಳನ್ನು ಹೂತು ಹೋಗುವವು. ಅರಣ್ಯ ಇಲಾಖೆಯವರೂ ಮೀನುಗಾರರೂ ಬೇಲಿ ಕಟ್ಟಿ ಅವನ್ನು ಕಾಯುತ್ತಾರೆ. ಒಂದೂವರೆ ಎರಡು ತಿಂಗಳಲ್ಲಿ ಹೊರಬರುವ ಮರಿಗಳು ಬೆಳಕು ಹೆಚ್ಚಾಗಿರುವ ದಿಕ್ಕೇ ಕಡಲೆಂದು ತಿಳಿದು ಹೊರಡುವವು. ದಂಡೆಯ ಮನೆಗಳ ದೀಪ ಉರಿಯುತ್ತಿದ್ದರೆ ರಸ್ತೆಯ ಕಡೆಗೆ ತೆವಳಿ ಸಾಯುವವು. ಕಡಲ ತಡಿಯಲ್ಲಿ ಮನೆಯುಳ್ಳ ನಮ್ಮ ಹಳೆ ವಿದ್ಯಾರ್ಥಿನಿಯರು ಕೆಲವರಿದ್ದಾರೆ. ಆ ತಿಂಗಳುಗಳಲ್ಲಿ ಪಡು ಜಗಲಿಯ ದೀಪವನ್ನು ಆರಿಸುವದಕ್ಕೋ ಅದಕ್ಕೆ ಮರೆ ಕಟ್ಟುವದಕ್ಕೋ ಅವರಿಗೆ ಖರ್ಚು ಏನೂ ಇಲ್ಲ.

ಈ ಸಲದ ಪ್ರಯಾಣದ ದಿನವನ್ನು ಭರತ ಇಳಿತದ ಪಟ್ಟಿಯನ್ನು ನೋಡಿಯೇ ಗೊತ್ತುಮಾಡುವದರಿಂದ ಅದು ಶನಿವಾರಕ್ಕೇ ಬರುವದೆಂದು ಹೇಳಲಾಗದು. ವಾರದ ನಡುವೆ ಬಂದರೆ ಆ ದಿನದ ಪಾಠಗಳನ್ನು ಮುಂದಿನ ಶನಿವಾರ ನಡಿಸುವೆವು. ಒಪ್ಪಿಗೆಯ ಕಾಗದವನ್ನು ಇನ್ನೂ ಕಳುಹಿಸದ ತಂದೆಯರು ಬಂದು ನನ್ನೊಡನೆ ಮಾತಾಡಬಹುದು. ಇಷ್ಟವಿದ್ದರೆ ದೋಣಿಯಲ್ಲಿ ಜೊತೆಗೂ ಬರಬಹುದು, ಪಾದರಕ್ಷೆಯ ನಿಯಮವು ಅವರಿಗೂ ಅನ್ವಯಿಸುವದು. ಹಿಂದಿನ ಐದು ವರ್ಷಗಳ ನೋಟುಪುಸ್ತಕಗಳನ್ನು ಪುಸ್ತಕಾಲಯದಲ್ಲಿ ಚಿಪ್ಪಿನ ಕಪಾಟಿನ ಕೆಳಗಿನ ಅರೆಯಲ್ಲಿ ಇಟ್ಟಿದೆ. ಹಳೆ ವಿದ್ಯಾರ್ಥಿನಿಯರ ಕೂಟದ ದಿನ ಅದರ ಬೀಗ ತೆಗೆದಿರುವದು.